ಮಗಳು ಪರದೇಶದ ಮನೆಯಲ್ಲಿ



ಈ ಸಲ ಬಂದ ಪತ್ರಗಳಲ್ಲಿ ಬೈಲಹೊಂಗಲದ ತಾಯಿಯೊಬ್ಬಳ ಪತ್ರ ಉಳಿದೆಲ್ಲವನ್ನೂ ಹಿಂದೆ ಸರಿಸಿತು. ಹೆಸರು ಹಾಕಬೇಡಿರೆಂದು ಬರೆದಿದ್ದಾಳೆ, ಹಾಗೇ ಆಗಲಿ. ಮುಖ್ಯ ಭಾಗವನ್ನು ಅವಳ ಮಾತಿನಲ್ಲೇ ಕೊಡುತ್ತೇನೆ:

"ಅಕ್ಕಾರ, ನಮ್ಮ ಹಿರೇ ಮಗಳು ಧಾರವಾಡದಾಗ ಬಿ.ಎಸ್ಸಿ. ಅಗ್ರಿ ಮುಗಿಸಿ, ಸ್ಕಾಲರ್‌ಶಿಪ್ ಸಿಕ್ಕಿತಂತ ಇಟಲಿ ದೇಶದ ಪಾದೋವಾ ಊರಿಗೆ ಎಂ.ಎಸ್ಸಿ. ಓದಾಕ ಹೋಗ್ಯಾಳ್ರಿ. ಮೂರು ವಾರ ಆತು. ಅಲ್ಲೆ ಹಾಸ್ಟೆಲ್‌ದಾಗ ಜಾಗಾ ಸಿಗಲಿಲ್ಲ. ಒಂದು ಮನಿಯೊಳಗ ಖೋಲಿ ತಗೊಂಡು, ರಾತ್ರಿ ಊಟಾ ಅವರ ಕೂಡ ಅಂತ ತಿಂಗಳಾ ರೊಕ್ಕಾ ಕೊಡತಾಳ. ಗಂಡ ಹೆಂಡತಿ ವಯಸ್ಸಾದವರು, ಕೆಟ್ಟವರಲ್ಲಂತ. ಆದರ ದಿನಾ ಫೋನಿನ್ಯಾಗ ಅಳತಾಳ್ರಿ. ಊಟಕ್ಕ ಕುಂತಾಗ 'ಇನ್ನಷ್ಟು ಬೇಕೇನು' ಅಂತ ಒಮ್ಮೆ ಕೇಳತಾರಂತ. ಇಕಿ ಸಂಕೋಚ ಮಾಡಿ ಒಲ್ಲೆ ಅಂದರ ಭಾಂಡೆ ಎತ್ತೇ ಬಿಡತಾರಂತ. ಥಂಡಿ ಇದ್ದರೂ ಹೀಟರ್ ಹಚ್ಚೂದಿಲ್ಲಂತ. ಮೊನ್ನೆ ಲೈಟ್ ಹೋತು, ಆ ಮುದುಕಿ ಇಕಿ ಮ್ಯಾಲೆ ಒದರಿದಳಂತ. 'ಅವ್ವಾ, ನಾ ಈ ಮನಿಯಾಗ ಯಾರೂ ಅಲ್ಲ' ಅಂತಾಳ್ರಿ. ನಮ್ಮ ಅತ್ತಿಯವರು 'ಸಾಕು ಕಲಿತದ್ದು, ಕರೆಸ್ರಿ, ಬರೂ ಬ್ಯಾಸಗಿಗೆ ಲಗ್ನಾ ಮಾಡಿ ಬಿಡೂಣು' ಅಂತ ಹಟಾ ಹಿಡದಾರ. ನಮ್ಮವರು ಬ್ಯಾಂಕಿನ ಸಾಲಾ ತಗದಾರ. ಕರಸಲೊ ಬಿಡಲೊ, ನೀವ ಒಂದು ಮಾತು ಹೇಳ್ರಿ."

ತಂಗೀ, ಮೊದಲು ಒಂದು ಮಾತು. ಮಗಳು ಅತ್ತಳೆಂದ ಕೂಡಲೇ ಕರೆಸುವುದೂ ತಪ್ಪು, ಅಳಲಿ ಬಿಡು ಎಂದು ಸುಮ್ಮನಿರುವುದೂ ತಪ್ಪು. ಅಳುವಿನಲ್ಲಿ ಎರಡು ಜಾತಿ ಇವೆ. ಯಾವುದೆಂದು ತಿಳಿದುಕೊಳ್ಳುವುದು ತಾಯಿಯ ಕೆಲಸ. ಮಗಳನ್ನು ನೇರವಾಗಿ ಕೇಳು: ನಿನ್ನ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೋ ಇಲ್ಲವೋ? ನಿನ್ನ ಪಾಸ್‌ಪೋರ್ಟು ನಿನ್ನ ಕೈಯಲ್ಲೇ ಇದೆಯೋ, ಯಾರಾದರೂ ಇಸಿದುಕೊಂಡಿದ್ದಾರೋ? ಆ ಮನೆಗೆ ಬಂದುಹೋಗುವವರಲ್ಲಿ ಯಾರಾದರೂ ನಿನಗೆ ಸರಿಬಾರದಂತೆ ನಡೆದುಕೊಂಡರೋ? ಹಣ ಕೊಟ್ಟರೂ ಊಟ ಕೊಡುವುದಿಲ್ಲವೋ? ಇವುಗಳಲ್ಲಿ ಒಂದಕ್ಕಾದರೂ ಉತ್ತರ ಕೆಟ್ಟದಾಗಿದ್ದರೆ ಒಂದು ದಿನವೂ ತಡ ಮಾಡಬೇಡ, ಮನೆ ಬದಲಿಸಲಿ. ಮನೆ ಬದಲಿಸಬೇಕೇ ಹೊರತು ಓದು ಬಿಡಬೇಕಾಗಿಲ್ಲ, ಇದನ್ನು ನಿನ್ನ ಅತ್ತೆಯವರಿಗೂ ತಿಳಿಸು. ಇಟಲಿಯಲ್ಲಿ ತುರ್ತಿಗೆ 112 ನಂಬರು. ಹೆಣ್ಣುಮಕ್ಕಳ ಮೇಲಿನ ಹಿಂಸೆ, ಬೆನ್ನು ಹತ್ತುವುದು ಇಂಥದ್ದಕ್ಕೆ 1522 ಎಂಬ ಬೇರೆ ನಂಬರಿದೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ. ರೋಮಿನಲ್ಲಿ ನಮ್ಮ ರಾಯಭಾರ ಕಚೇರಿ, ಮಿಲಾನಿನಲ್ಲಿ ನಮ್ಮ ಕಾನ್ಸುಲೇಟು ಇವೆ. ಈ ನಂಬರುಗಳು ಅವಳ ಫೋನಿನಲ್ಲಷ್ಟೇ ಅಲ್ಲ, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲೂ ಇರಲಿ.

ಆದರೆ ನಿನ್ನ ಪತ್ರ ಓದಿದರೆ ಇದು ಆ ಜಾತಿಯ ಅಳುವಲ್ಲ ಎನಿಸುತ್ತದೆ. "ನಾ ಯಾರೂ ಅಲ್ಲ" ಎಂಬ ಮಾತು ಅಪಾಯದಲ್ಲಿರುವ ಹುಡುಗಿಯದಲ್ಲ. ಹೊಸ ಮನೆಯಲ್ಲಿ ಕೈಗೆ ಕೆಲಸವಿಲ್ಲದೆ ಕುಳಿತ ಹುಡುಗಿಯದು.

"ಧಾರವಾಡದಾಗ ನಾಲ್ಕು ವರ್ಷ ಹಾಸ್ಟೆಲ್‌ದಾಗ ಇದ್ದಾಕಿಗೆ ಈಗ್ಯಾಕ ಹೀಂಗ?" ಎಂದು ನೀನು ಕೇಳಬಹುದು. ಹಾಸ್ಟೆಲಿನಲ್ಲಿ ಎಲ್ಲರೂ ಹೊರಗಿನವರೇ. ಮನೆಯೊಂದರಲ್ಲಿ ಅವಳೊಬ್ಬಳೇ ಹೊರಗಿನವಳು. ಉಪ್ಪಿನ ಡಬ್ಬಿ ಎಲ್ಲಿದೆ, ಯಾವ ಟಾವೆಲ್ಲು ಯಾರದು, ಯಾವ ಕುರ್ಚಿ ಯಜಮಾನರದು, ಎಲ್ಲರಿಗೂ ಗೊತ್ತು, ಅವಳಿಗೆ ಮಾತ್ರ ಗೊತ್ತಿಲ್ಲ. ಸೋದರಿಯರೇ, ಈ ಪರೀಕ್ಷೆ ನಮಗೆ ಹೊಸದೇ? ಮದುವೆಯಾಗಿ ಗಂಡನ ಮನೆಯ ಹೊಸ್ತಿಲು ತುಳಿದ ಮೊದಲ ಮೂರು ವಾರ ನೆನೆಸಿಕೊಳ್ಳಿರಿ. ಅತಿಥಿಯೂ ಅಲ್ಲ, ಮನೆಯವಳೂ ಅಲ್ಲ. ಹಸಿವಾದರೂ ಅಡುಗೆಮನೆಗೆ ಹೋಗಿ ರೊಟ್ಟಿ ಮುರಿದುಕೊಳ್ಳಲು ಧೈರ್ಯವಿಲ್ಲ. ಆ ಕೊರಗು ಯಾವಾಗ ಹೋಯಿತು? "ತಂಗೆವ್ವಾ, ಈ ಬ್ಯಾಳಿ ಆರಿಸಿ ಕೊಡ" ಎಂದು ಯಾರೋ ಮೊರ ಕೈಗೆ ಕೊಟ್ಟ ದಿನ ಅರ್ಧ ಹೋಯಿತು. ನಾವು ಕೇಳದೆಯೇ ಡಬ್ಬಿ ತೆಗೆದು ಚಹಾಕ್ಕೆ ಸಕ್ಕರೆ ಹಾಕಿದ ದಿನ ಪೂರ್ತಿ ಹೋಯಿತು.

ಗಂಡುಮಕ್ಕಳಿಗೂ ಇದು ತಪ್ಪಿರಲಿಲ್ಲ. ಹಿಂದೆ ನಮ್ಮ ಕಡೆಯ ಹಳ್ಳಿಗಳಿಂದ ಧಾರವಾಡ, ಬೆಳಗಾವಿಗೆ ಓದಲು ಹೋದ ಬಡ ಹುಡುಗರಲ್ಲಿ ಎಷ್ಟೋ ಜನ ವಾರಾನ್ನದ ಮೇಲೆ ಓದಿದವರು; ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಕೆಲವರು ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದರು. ವಾರಾನ್ನದ ಹುಡುಗ ಮೊದಮೊದಲು ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದ. ಆ ಮನೆಯ ಅಜ್ಜಿಗೆ ಮಗನ ಕಾಗದ ಓದಿ ಹೇಳಿದ, ಬಾವಿಯಿಂದ ಎರಡು ಕೊಡ ನೀರು ಸೇದಿ ಕೊಟ್ಟ ಅಂದಮೇಲೆ ಅವನ ದನಿಯೇ ಬೇರೆಯಾಗುತ್ತಿತ್ತು. ಅನ್ನದ ಋಣ ತೀರಿತೆಂದಲ್ಲ. ಈ ಮನೆಗೆ ನನ್ನಿಂದಲೂ ಏನೋ ಆಗುತ್ತದೆ ಎಂಬ ಭಾವ ಬಂತು, ಅಷ್ಟೇ.

ನಿನ್ನ ಮಗಳ ಮದ್ದೂ ಅಲ್ಲೇ ಇದೆ. ಹಣ ಕೊಡುತ್ತಿದ್ದೇನೆ, ಕೆಲಸ ಯಾಕೆ ಮಾಡಲಿ ಎಂದು ಅವಳು ಅನ್ನಬಹುದು. ಹಣ ಕೊಟ್ಟದ್ದು ಕೋಣೆಗೆ ಮತ್ತು ಊಟಕ್ಕೆ. ಮನೆಯವಳಾಗುವುದಕ್ಕೆ ಹಣ ನಡೆಯುವುದಿಲ್ಲ. ಇಟಾಲಿಯನ್ ಭಾಷೆಯಲ್ಲಿ ಎರಡೇ ಶಬ್ದ ಕಲಿಸಿ ಬಿಡು: "ಪೊಸ್ಸೊ ಆಯುತಾರೆ?" ಅಂದರೆ "ನಾ ಏನರೆ ಕೈ ಹಚ್ಚಲೇನು?" ಊಟಕ್ಕೆ ಹತ್ತು ನಿಮಿಷ ಮೊದಲು ಕೋಣೆಯಿಂದ ಹೊರಬಂದು ಈ ಎರಡು ಶಬ್ದ ಹೇಳಲಿ. ಮೇಜಿನ ಮೇಲೆ ತಾಟು, ಲೋಟ, ಫೋರ್ಕು ಇಡುವ ಕೆಲಸ ಅವಳದೇ ಎಂದು ಹಿಡಿದುಕೊಳ್ಳಲಿ. ಕಸ ಹೊರಗಿಡುವುದೂ ಅಲ್ಲಿ ಸಣ್ಣ ಕೆಲಸವಲ್ಲ. ಅಡುಗೆಮನೆಯ ಹಸಿ ಕಸ, ಕಾಗದ, ಪ್ಲಾಸ್ಟಿಕ್, ಗಾಜು ಬೇರೆಬೇರೆ. ಒಂದೊಂದನ್ನು ಒಯ್ಯುವ ವಾರ ಒಂದೊಂದು. ಆ ವಾರಪಟ್ಟಿ ಕಲಿತ ಹುಡುಗಿ ಆ ಮನೆಯ ಅರ್ಧ ಗುಟ್ಟು ಕಲಿತಂತೆ.

ಇನ್ನು ನೀನು ಬರೆದ ದೂರುಗಳನ್ನು ಒಂದೊಂದಾಗಿ ನೋಡೋಣ. ತಿಳಿಯದ ಮನೆಯಲ್ಲಿ ಎಲ್ಲವೂ ನಮ್ಮ ಮೇಲಿನ ಸಿಟ್ಟಿನಂತೆಯೇ ಕಾಣುತ್ತದೆ. ಬಹಳ ಸಲ ಅದರ ಹಿಂದೆ ಸಿಟ್ಟಿಲ್ಲ, ಲೆಕ್ಕವಿರುತ್ತದೆ.

ಲೈಟ್ ಹೋದದ್ದು: ಇಟಲಿಯ ಸಾಧಾರಣ ಮನೆಗೆ ವಿದ್ಯುತ್ತಿನ ಕರಾರು 3 ಕಿಲೋವ್ಯಾಟ್. ಕೂದಲು ಒಣಗಿಸುವ ಯಂತ್ರ ಒಂದೇ ಒಂದೂವರೆ ಎರಡು ಕಿಲೋವ್ಯಾಟ್ ನುಂಗುತ್ತದೆ. ಆಚೆ ವಿದ್ಯುತ್ ಒಲೆಯೋ ಬಟ್ಟೆ ಒಗೆಯುವ ಮಶೀನೋ ನಡೆದಿದ್ದರೆ ಮೀಟರು ತಾನೇ ಕಟ್ ಆಗುತ್ತದೆ. ಮಾಳಿಗೆ ಮನೆಗಳಲ್ಲಿ ಮೀಟರು ಎಷ್ಟೋ ಕಡೆ ಕೆಳಗಡೆ ಇರುತ್ತದೆ. ಕತ್ತಲಲ್ಲಿ ಯಾರಾದರೂ ಮೆಟ್ಟಿಲಿಳಿದು ಹೋಗಿ ಎತ್ತಿ ಬರಬೇಕು. ಮುದುಕಿ ಒದರಿದ್ದು ಇದಕ್ಕೇ ಇರಬೇಕು. "ಈಗ ಹಚ್ಚಲೇನು?" ಎಂದು ಕೇಳಿ ಹಚ್ಚಿದರೆ ಮುಗಿಯಿತು.

ಹೀಟರು: ಮನೆ ಬಿಸಿ ಮಾಡುವುದಕ್ಕೂ ಅಲ್ಲಿ ಸರಕಾರದ ಕಾನೂನಿದೆ. ಉತ್ತರದ ಬಯಲಿನಲ್ಲಿರುವ ಪಾದೋವಾದಂಥ ಊರುಗಳಿಗೆ ಸಾಮಾನ್ಯವಾಗಿ ಅಕ್ಟೋಬರ್ 15ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 14 ತಾಸು. ಒಳಗಿನ ಶಾಖವೂ 20 ಡಿಗ್ರಿಯ ಆಸುಪಾಸು. ಬಿಲ್ಲೂ ಹಗುರಲ್ಲ. ಜಿಪುಣತನವೆಂದು ತಿಳಿಯುವ ಬದಲು ಮನೆಯೊಳಗೂ ಸ್ವೆಟರು, ಕಾಲುಚೀಲ ಹಾಕಿಕೊಳ್ಳಲಿ. ಮನೆಯೊಳಗಿನ ಚಪ್ಪಲಿಯೊಂದು ಬೇರೆ ಇರಲಿ. ಬರಿಗಾಲಲ್ಲಿ ತಣ್ಣನೆಯ ಫರಶಿಯ ಮೇಲೆ ನಡೆಯುವುದನ್ನು ಅಲ್ಲಿಯ ಹಿರಿಯ ಹೆಂಗಸರು ಸಹಿಸುವುದಿಲ್ಲ. ಒದ್ದೆ ತಲೆಯಲ್ಲಿ ಹೊರಗೆ ಹೋದರೆ ಗಾಳಿ ಬಡಿಯುತ್ತದೆ, ನೆಗಡಿ ಜ್ವರ ಬರುತ್ತದೆ ಎಂದು ಗದರುತ್ತಾರೆ. ಹಾಗೆ ಗದರಿದರೆ ಅಳಬೇಡ, ನಗು ಎಂದು ಹೇಳು. ಬೈಲಹೊಂಗಲದ ಅವ್ವ ಬೈಯುವುದೂ ಇದೇ ಮಾತಿಗಲ್ಲವೇ?

ಬಚ್ಚಲ: ಇದನ್ನು ಹುಡುಗಿಯರು ತಾಯಿಗೂ ಹೇಳುವುದಿಲ್ಲ, ಅದಕ್ಕೆ ನಾನೇ ಬರೆಯುತ್ತೇನೆ. ಅಲ್ಲಿಯ ಬಚ್ಚಲಮನೆಯ ನೆಲದಲ್ಲಿ ನೀರು ಹೋಗುವ ತೂತು ಬಹಳ ಕಡೆ ಇರುವುದಿಲ್ಲ. ನಮ್ಮಂತೆ ಸುರಿದುಕೊಂಡರೆ ಕೆಳಗಿನ ಮನೆಯವರ ಛಾವಣಿ ಸೋರುತ್ತದೆ. ಷವರಿನ ಗೂಡಿನೊಳಗೆ ನಿಂತೇ ಸ್ನಾನವಾಗಬೇಕು, ಬೇಗ ಮುಗಿಯಬೇಕು. ಶೌಚಕ್ಕೆ ನೀರಿನ ಚಿಂತೆ ಬೇಡ. ಪಕ್ಕದಲ್ಲೇ ಕೂತು ತೊಳೆದುಕೊಳ್ಳುವ ಬಿದೆ ಎಂಬ ತೊಟ್ಟಿ ಇರುತ್ತದೆ. ಪ್ರತಿ ಮನೆಯ ಒಂದು ಬಚ್ಚಲಲ್ಲಾದರೂ ಅದು ಇರಲೇಬೇಕೆಂದು ಅಲ್ಲಿಯ ಸರಕಾರ 1975ರಲ್ಲೇ ಆದೇಶ ಮಾಡಿದೆ. ತಲೆಗೆ ಎಣ್ಣೆ ಹಚ್ಚಿ ಮಲಗುವ ರೂಢಿ ಇದ್ದರೆ ದಿಂಬಿನ ಮೇಲೆ ತನ್ನದೇ ಬಟ್ಟೆ ಹಾಸಿಕೊಳ್ಳಲಿ.

ಊಟ: ಇದೇ ದೊಡ್ಡ ಮಾತು. ನಮ್ಮಲ್ಲಿ ಮೂರು ಸಲ ಒತ್ತಾಯ ಮಾಡದಿದ್ದರೆ ನೀಡುವವರಿಗೆ ಮರ್ಯಾದೆ ಇಲ್ಲ, ಮೂರು ಸಲ ಒಲ್ಲೆ ಅನ್ನದಿದ್ದರೆ ಉಣ್ಣುವವರಿಗೆ ಮರ್ಯಾದೆ ಇಲ್ಲ. ಆ ಮನೆಯಲ್ಲಿ ಒಲ್ಲೆ ಅಂದರೆ ಒಲ್ಲೆ, ಹೂಂ ಅಂದರೆ ಹೂಂ. ಬೇಕಾದಾಗ "ಸೀ, ಗ್ರಾತ್ಸಿಯೆ" ಎನ್ನಲಿ. ಹೂಂ, ಉಪಕಾರವಾಯಿತು ಎಂದು ಅರ್ಥ. ಸಾಕಾದಾಗ "ಬಾಸ್ತಾ, ಗ್ರಾತ್ಸಿಯೆ". ಪಾಸ್ತಾ ಬಂದಾಗಲೇ ಬಾಸ್ತಾ ಅಂದರೆ ಮಾತ್ರ ಉಪವಾಸ! ಯಾಕೆಂದರೆ ಅಲ್ಲಿ ಊಟದ ಕ್ರಮ ಬೇರೆ. ನಮ್ಮಲ್ಲಿ ಮೊದಲು ರೊಟ್ಟಿ ಪಲ್ಯ, ಕಡೆಗೆ ಅನ್ನ ಸಾರು ಬಂದೇ ಬರುತ್ತದೆಂದು ಹೊಟ್ಟೆಯಲ್ಲಿ ಜಾಗ ಬಿಟ್ಟಿರುತ್ತೇವೆ. ಅಲ್ಲಿ ಮೊದಲು ಬರುವ ಪಾಸ್ತಾ ಇಲ್ಲವೆ ಅನ್ನದ ರಿಸೊತ್ತೊ ಅವಳ ಪಾಲಿನ ಊಟ. ಆಮೇಲೆ ಬರುವುದು ಮಾಂಸವೋ ಮೀನೋ, ಜೊತೆಗೊಂದಿಷ್ಟು ಕಾಯಿಪಲ್ಲೆ. ಕಡೆಯ ಅನ್ನಕ್ಕೆ ಕಾದವಳು ಹಸಿದೇ ಏಳುತ್ತಾಳೆ. ಮೊದಲ ತಾಟನ್ನೇ ಹೊಟ್ಟೆ ತುಂಬ ಉಣ್ಣಲಿ.

ಶಾಖಾಹಾರದ ಮಾತು ಸ್ಪಷ್ಟವಾಗಿ ಒಂದೇ ಸಲ, ಮೊದಲ ವಾರದಲ್ಲೇ ಹೇಳಿಬಿಡಬೇಕು. "ನಾನು ವೆಜಿಟೇರಿಯನ್" ಎಂದಷ್ಟೇ ಅಂದರೆ ಮಾಂಸದ ತುಂಡು ತೆಗೆದಿಟ್ಟು ಅದೇ ಸಾರು ಬಡಿಸಬಹುದು. ಮಾಂಸ, ಮೀನು, ತತ್ತಿ ಮೂರನ್ನೂ ಹೆಸರು ಹಿಡಿದು ಒಲ್ಲೆ ಎನ್ನಲಿ: "ನೊನ್ ಮಾಂಜೊ ಕಾರ್ನೆ, ಪೆಶೆ, ಉವೊವಾ." ರಿಸೊತ್ತೊ ಮತ್ತು ಸೂಪುಗಳಿಗೆ ಹಾಕುವ ಬ್ರೊದೊ ಎಂಬ ತಿಳಿಸಾರು ಕೋಳಿಯದೋ ದನದ್ದೋ ಇರಬಹುದು, ಕಾಯಿಪಲ್ಲೆಯದೂ ಉಂಟು, ಕೇಳಬೇಕು. ಪಾನ್ನಾ ಕೊತ್ತಾ ಎಂಬ ಹಾಲಿನ ಸಿಹಿಗೆ ಜೆಲಟಿನ್ ಹಾಕುತ್ತಾರೆ. ಪಾಸ್ತಾದ ಮೇಲೆ ಉದುರಿಸುವ ಪಾರ್ಮಿಜಾನೊ ಚೀಜು, ಗ್ರಾನಾ ಚೀಜು ಎರಡರಲ್ಲೂ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದು ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ತಿನ್ನುವುದು ಬಿಡುವುದು ಅವಳಿಗೆ ಸೇರಿದ್ದು, ಆದರೆ ತಿಳಿದು ತೀರ್ಮಾನ ಮಾಡಲಿ. ಪೊಟ್ಟಣದ ಮೇಲೆ "ಕಾಲ್ಯೊ ವೆಜೆತಾಲೆ" ಇಲ್ಲವೆ "ಮಿಕ್ರೊಬಿಕೊ" ಎಂದಿದ್ದರೆ ಅಂಥ ಚೀಜಿಗೆ ಅಡ್ಡಿಯಿಲ್ಲ.

ಹಾಗಾದರೆ ತಿನ್ನುವುದೇನು ಎಂದು ಗಾಬರಿಯಾಗಬೇಡ. ಕಡಲೆಕಾಳಿನ ಪಾಸ್ತಾ, ಬೀನ್ಸ್ ಕಾಳಿನ ಪಾಸ್ತಾ, ಬೆಳ್ಳುಳ್ಳಿ-ಎಣ್ಣೆ-ಒಣಮೆಣಸಿನಕಾಯಿಯ ಸ್ಪಗೆತ್ತಿ, ಟೊಮೆಟೊ ಸಾರಿನದು, ಇವೆಲ್ಲ ಬಡವರ ಮನೆಯ ಹಳೆಯ ಅಡುಗೆಗಳು. ಇನ್ನೊಂದು ಸುದ್ದಿ ಕೇಳಿದರೆ ನಿನಗೆ ಸಮಾಧಾನವಾದೀತು. ಪಾದೋವಾ ಇರುವ ವೆನೆತೊ ಸೀಮೆಯಲ್ಲಿ ತಲೆತಲಾಂತರದ ಊಟ ಪೊಲೆಂತಾ. ಅದೇನು ದೊಡ್ಡ ಮಾತಲ್ಲ. ನಮ್ಮ ಗೋವಿನಜೋಳದ ರವೆಯನ್ನು ಕುದಿಯುವ ಉಪ್ಪುನೀರಿಗೆ ಸುರಿದು ತಿರುವಿ ತಿರುವಿ ಬೇಯಿಸಿದ ನುಚ್ಚು! ಹಲಗೆಯ ಮೇಲೆ ಸುರಿದು, ಗಟ್ಟಿಯಾದ ಮೇಲೆ ದಾರದಿಂದ ಕೊಯ್ಯುವುದು ಅವರ ಹಳೆಯ ಪದ್ಧತಿ. ಹಿಂದೆ ಅಲ್ಲಿಯ ಬಡ ರೈತರು ಬರೀ ಅದನ್ನೇ ಉಂಡು ಪೆಲಾಗ್ರಾ ಎಂಬ ರೋಗಕ್ಕೆ ತುತ್ತಾಗಿದ್ದರು. ಆದ್ದರಿಂದ ಜೊತೆಗೆ ಕಾಳು, ಸೊಪ್ಪು, ಹಾಲು ಇರಲೇಬೇಕು. ಪೊಲೆಂತಾದ ಜೊತೆಗೆ ನಮ್ಮ ಝುಣಕ ಎಷ್ಟು ಒಪ್ಪುತ್ತದೆಂದು ಆ ಅಜ್ಜಿಗೂ ಗೊತ್ತಾಗಲಿ. ಮಗಳಿಗೆ ಈ ವಿಧಾನ ಕಳಿಸು.

ಪರದೇಶದ ಒಲೆಯ ಮೇಲೆ ಝುಣಕ (ಮೂವರಿಗೆ)

ಕಡಲೆಹಿಟ್ಟು 1 ಬಟ್ಟಲು, ನೀರು 2 ಬಟ್ಟಲು, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 2, ಜಜ್ಜಿದ ಬೆಳ್ಳುಳ್ಳಿ 6 ಎಸಳು, ಎಣ್ಣೆ 3 ದೊಡ್ಡ ಚಮಚ, ಸಾಸಿವೆ ಮತ್ತು ಜೀರಿಗೆ ಅರ್ಧರ್ಧ ಚಮಚ, ಅರಿಷಿಣ ಚಿಟಿಕೆ, ಖಾರಪುಡಿ 1 ಚಮಚ (ಆ ಮನೆಯವರಿಗಾದರೆ ಕಾಲು ಚಮಚ), ಉಪ್ಪು, ಲಿಂಬೆರಸ.

ಅಲ್ಲಿ ಕಡಲೆಹಿಟ್ಟಿಗೆ "ಫರೀನಾ ದಿ ಚೇಚಿ" ಎನ್ನುತ್ತಾರೆ, ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಕಿಟಕಿ ತೆರೆದು, ಅಡುಗೆಮನೆಯ ಬಾಗಿಲು ಮುಚ್ಚಿ, ಎಣ್ಣೆ ಕಾಯಿಸಿ ಸಾಸಿವೆ ಜೀರಿಗೆ ಸಿಡಿಸಿ. ಮೇಲೆ ಮುಚ್ಚಳ ಹಿಡಿದರೆ ಒಲೆಯೂ ಹೊಲಸಾಗದು, ವಾಸನೆಯೂ ಮನೆ ತುಂಬದು. ಬೆಳ್ಳುಳ್ಳಿ, ಉಳ್ಳಾಗಡ್ಡಿ ಕೆಂಪಗೆ ಹುರಿದು ಅರಿಷಿಣ, ಖಾರ, ಉಪ್ಪು, ನೀರು ಹಾಕಿ ಕುದಿಸಿ. ಉರಿ ಸಣ್ಣ ಮಾಡಿ, ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ಗಂಟಾಗದಂತೆ ತಿರುವಿ. ಮುಚ್ಚಿ 6-7 ನಿಮಿಷ ಬೇಯಲಿ, ನಡುವೆ ಒಮ್ಮೆ ಕೈಯಾಡಿಸಿ. ಹಸಿ ವಾಸನೆ ಹೋಗಿ ತಳ ಬಿಟ್ಟಾಗ ಇಳಿಸಿ ಲಿಂಬೆರಸ ಹಿಂಡಿ. ಪೊಲೆಂತಾಕ್ಕೆ 1 ಬಟ್ಟಲು ರವೆಗೆ 4 ಬಟ್ಟಲು ನೀರು. ಹಳೆಯ ಪದ್ಧತಿಯಲ್ಲಿ ಮುಕ್ಕಾಲು ತಾಸು ತಿರುವಬೇಕು, ಐದು ನಿಮಿಷದ ದಿಢೀರ್ ರವೆಯೂ ಅಂಗಡಿಯಲ್ಲಿದೆ.

ಅಡುಗೆಮನೆಗೆ ಕಾಲಿಡುವ ಮೊದಲು ಅಜ್ಜಿಯನ್ನು ಕೇಳಲೇಬೇಕು. ತನ್ನ ಒಲೆಯನ್ನು ಬೇರೆಯವರಿಗೆ ಬಿಟ್ಟುಕೊಡುವುದು ಯಾವ ದೇಶದ ಹೆಂಗಸಿಗೂ ಸುಲಭವಲ್ಲ. ಕೆಲಸವಾದ ಮೇಲೆ ಒಲೆ ತೊಳೆದು, ಭಾಂಡೆ ಒರೆಸಿ, ಇದ್ದ ಜಾಗದಲ್ಲೇ ಇಟ್ಟರೆ ಎರಡನೆಯ ಸಲ ಕೇಳುವ ಕಷ್ಟ ಇರುವುದಿಲ್ಲ.

ಊರಿನಿಂದ ಏನಾದರೂ ಕಳಿಸಬೇಕೆನಿಸಿದರೆ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಮಸಾಲೆಖಾರ ಹೋಗುವವರ ಕೈಯಲ್ಲಿ ಕೊಡು. ತುಪ್ಪ, ಖವಾ ಬೇಡ. ಹೊರದೇಶದ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಬೆಳಗಾವಿ ಕುಂದಾ, ಧಾರವಾಡ ಪೇಡೆಯೂ ಹಾಲಿನವೇ, ಬಿಟ್ಟುಬಿಡುವುದೇ ಸುಖ. ಹಸಿ ಕರಿಬೇವು, ಕಾಯಿಪಲ್ಲೆಯೂ ಬೇಡ.

ಕರೆಯುವ ಬಗೆ: ನಮ್ಮ ಮಕ್ಕಳಿಗೆ ಹಿರಿಯರನ್ನು ಹೆಸರಿನಿಂದ ಕರೆಯಲು ನಾಲಿಗೆ ಏಳುವುದಿಲ್ಲ. ಅಲ್ಲಿ ಅಪರಿಚಿತ ಹಿರಿಯರಿಗೆ "ಲೇಯ್" ಎಂಬ ಮರ್ಯಾದೆಯ ಮಾತುಂಟು, ನಮ್ಮ "ರೀ" ಇದ್ದಂತೆ; ಸಲಿಗೆಯವರಿಗೆ "ತೂ", ನಮ್ಮ "ನೀ". ಮೊದಲು "ಸಿನ್ಯೋರಾ" ಎಂದು, ಲೇಯ್ ಹಚ್ಚಿ ಮಾತಾಡಲಿ. ಅವರಾಗಿ "ತೂ ಅನ್ನು, ಹೆಸರು ಹಿಡಿದು ಕರೆ" ಎಂದ ದಿನ ಅದನ್ನು ಅಗೌರವವೆಂದು ಹಿಂಜರಿಯಬಾರದು. ನಮ್ಮಲ್ಲಿ "ರೀ ಗೀ ಬ್ಯಾಡವಾ, ಅತ್ತಿ ಅನ್ನು" ಎನ್ನುವುದಿಲ್ಲವೇ, ಅದೇ ಅದು. ಪರರ ಮನೆಯ ಹೊಸ್ತಿಲು ದಾಟುವಾಗ "ಪೆರ್ಮೆಸ್ಸೊ?" ಅಂದರೆ "ಒಳಗ ಬರಲೇನ್ರಿ?" ಎಂದು ಕೇಳುವ ಪದ್ಧತಿಯೂ ಅವರಲ್ಲಿದೆ. ಎಷ್ಟು ಚೆಂದ ನೋಡು.

ಕಾಗದಪತ್ರದ ವಿಷಯದಲ್ಲಿ ಅಳುತ್ತ ಕೂತು ತಡ ಮಾಡಬಾರದು. ಓದಲು ಹೋದ ಹೊರದೇಶದವರು ಇಟಲಿಗೆ ಕಾಲಿಟ್ಟ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅರ್ಜಿಯ ಲಕೋಟೆ ಟಪಾಲು ಕಚೇರಿಯಲ್ಲೇ ಸಿಗುತ್ತದೆ, ಅಲ್ಲೇ ಕೊಡಬೇಕು. ರಸೀದಿಯನ್ನು ಜೋಪಾನವಾಗಿಡಲಿ, ಬೆರಳಚ್ಚಿಗೆ ಪೋಲೀಸ್ ಕಚೇರಿಗೆ ಕರೆಯುತ್ತಾರೆ. ಮನೆಯಲ್ಲಿಟ್ಟುಕೊಂಡವರೂ 48 ತಾಸಿನೊಳಗೆ ಪೋಲೀಸರಿಗೆ ಲಿಖಿತ ವರದಿ ಕೊಡಬೇಕೆಂದು ಕಾನೂನಿದೆ. ಪೋಲೀಸ್ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡ. ವರದಿ ಕೊಟ್ಟ ಮನೆಯೇ ಸರಿಯಾದ ಮನೆ, ಕೊಡಲು ಒಲ್ಲೆ ಎನ್ನುವ ಮನೆಯ ಮೇಲೆ ಸಂಶಯ ಪಡು. ಮೂರು ವಾರ ಆಗಿದೆ ಎಂದಿದ್ದೀ. ಈ ಎರಡೂ ಆಗಿವೆಯೇ ಎಂದು ಇಂದೇ ಕೇಳು. ಆಗಿಲ್ಲದಿದ್ದರೆ ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಗೆ ನಾಳೆಯೇ ಹೋಗಲಿ.

ಈಗ ನಿನ್ನ ಪಾಲಿನ ಮಾತು. ಇದು ಸ್ವಲ್ಪ ಕಹಿ. ನಿನ್ನ ಪತ್ರದ ಕೊನೆಗೆ ದಿನಕ್ಕೆ ನಾಲ್ಕು ಸಲ ವೀಡಿಯೋ ಫೋನು ಮಾಡುತ್ತೇನೆಂದು ಬರೆದಿದ್ದೀ. ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ, ಆಮೇಲೆ ಮಾರ್ಚಿನ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ತಾಸು. ನೀನು ನಸುಕಿನ ಆರಕ್ಕೆ ಎದ್ದು ಫೋನು ಹಚ್ಚಿದರೆ ಅವಳಿಗೆ ನಡುರಾತ್ರಿ ಎರಡೂವರೆ. ಮಲಗುವ ಮೊದಲು ಹನ್ನೊಂದೂವರೆಗೆ ಹಚ್ಚಿದರೆ ಅಲ್ಲಿ ಎಂಟು ಗಂಟೆ, ಮನೆಯವರೆಲ್ಲ ಮೇಜಿಗೆ ಕೂಡುವ ಹೊತ್ತು. ತಾಟಿನ ಪಕ್ಕದಲ್ಲಿ ಫೋನಿಟ್ಟುಕೊಂಡು ನಿನ್ನ ಜೊತೆ ಅಳುವವಳು ಎದುರಿಗೆ ಕೂತವರ ಜೊತೆ ಮಾತು ಕಲಿಯುವುದೆಂದು? ಅವಳ ದೇಹ ಪಾದೋವಾದಲ್ಲಿ, ಜೀವ ಬೈಲಹೊಂಗಲದ ಪಡಸಾಲೆಯಲ್ಲಿ. ಹಾಗಾದರೆ ಎರಡೂ ಮನೆಯಲ್ಲಿ ಅವಳು ಯಾರೂ ಅಲ್ಲದಂತೆಯೇ ಆಯಿತು.

ದಿನಕ್ಕೊಂದೇ ಸಲ, ನಮ್ಮ ರಾತ್ರಿ ಎಂಟೂವರೆ ಒಂಬತ್ತರ ಸುಮಾರಿಗೆ, ಹದಿನೈದು ನಿಮಿಷ ಮಾತಾಡು. ಅಲ್ಲಿ ಆಗ ಸಂಜೆ. ಮಾತು ಮುಗಿಸಿ ಅಡುಗೆಮನೆಗೆ ಹೋಗಿ "ಪೊಸ್ಸೊ ಆಯುತಾರೆ" ಎನ್ನಲು ಅವಳಿಗೆ ಹೊತ್ತಿರುತ್ತದೆ. ಉಂಡಿಯಾ ಎಂದಷ್ಟೇ ಕೇಳಬೇಡ. "ಇವತ್ತ ಹೊಸಾದು ಏನ ನೋಡಿದಿ? ಯಾವ ಶಬ್ದ ಕಲಿತಿ?" ಎಂದು ಕೇಳು. ವಾರಕ್ಕೊಮ್ಮೆ ಒಂದು ಉದ್ದ ಕಾಗದ ಬರೆಯಲು ಹೇಳು. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ನಮ್ಮ ನಾಡಿಗೆ ಬಂದು ಇಕ್ಕೇರಿಯವರೆಗೆ ಹೋದ. ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಬರೆಯುತ್ತ ಹಾಡಿನಂತೆ ಲೆಕ್ಕ ಕಲಿಯುವುದನ್ನು ನಿಂತು ನೋಡಿ ನೇಪಲ್ಸಿನ ಗೆಳೆಯನಿಗೆ ಬರೆದ. ಅವನು ಬರೆದದ್ದರಿಂದ ನಾಲ್ಕುನೂರು ವರ್ಷದ ಹಿಂದಿನ ನಮ್ಮ ಮಕ್ಕಳ ಪಾಠ ಇಂದಿಗೂ ಉಳಿದಿದೆ. ಬರೆಯಬೇಕಾದವರು ನೋಡಲೇಬೇಕಾಗುತ್ತದೆ, ನೋಡುವವರಿಗೆ ಅಳಲು ಹೊತ್ತು ಕಡಿಮೆ.

ಅತ್ತೆಯವರ ಹಟಕ್ಕೆ ಏನು ಹೇಳಲಿ? ಹೆಣ್ಣುಮಕ್ಕಳನ್ನು ಓದಿಗೆ ದೂರ ಕಳಿಸುವುದು ನಮ್ಮ ಸೀಮೆಗೆ ಹೊಸದಲ್ಲವೆಂದು ಮೃದುವಾಗಿ ಹೇಳು. ಪಕ್ಕದ ಕಿತ್ತೂರಿನಲ್ಲಿ 1969ರಿಂದ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆ ಇದೆ. ಆರನೆಯ ಇಯತ್ತೆಯ ಹುಡುಗಿಯರನ್ನು ಎದೆ ಗಟ್ಟಿ ಮಾಡಿ ಬಿಟ್ಟು ಬಂದ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಓದುವ ಮಕ್ಕಳಿಗೆಂದೇ ಬಿಟ್ಟು ಹೋದರು. ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು 1920ರ ದಶಕದಲ್ಲಿ ಹಡಗು ಹತ್ತಿ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದರು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಆಗ ಒಂದು ಕಾಗದ ಊರಿಗೆ ಮುಟ್ಟಲು ವಾರಗಳೇ ಬೇಕಿತ್ತು. ಇನ್ನು ನಿನ್ನ ಮಗಳು ಹೋದ ಪಾದೋವಾದ ವಿದ್ಯಾಲಯವೋ, 1222ರದು. ವೆನಿಸ್ಸಿನ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಎಂಬಾಕೆ ಧರ್ಮಶಾಸ್ತ್ರದಲ್ಲಿ ಪದವಿ ಬೇಕೆಂದಾಗ ಅಲ್ಲಿಯ ಬಿಷಪ್ಪರು ಹೆಂಗಸಿಗೆ ಕೂಡದೆಂದರು. ಆಕೆ ಬಿಡಲಿಲ್ಲ. 1678ರ ಜೂನ್ 25ರಂದು ತತ್ವಶಾಸ್ತ್ರದಲ್ಲಿ ಡಾಕ್ಟರ್ ಆದಳು. ಜಗತ್ತಿನಲ್ಲೇ ಆ ಪದವಿ ಪಡೆದ ಮೊದಲ ಹೆಣ್ಣು ಎಂದು ಆಕೆಯ ಹೆಸರು ಹೇಳುತ್ತಾರೆ. ಆ ಅಂಗಳದಲ್ಲಿ ನಿನ್ನ ಮಗಳು ಈಗ ಓಡಾಡುತ್ತಿದ್ದಾಳೆ.

ಆದರೂ ಹಟದಿಂದ ಅವಳನ್ನು ಅಲ್ಲೇ ಕಟ್ಟಿಹಾಕೆಂದು ನಾನು ಹೇಳುವುದಿಲ್ಲ. ಸೊಸೆಯಾಗಿ ಹೋದ ನಮಗೂ ಅವಳಿಗೂ ಒಂದು ದೊಡ್ಡ ವ್ಯತ್ಯಾಸವಿದೆ. "ಇನ್ನ ಅದ ನಿನ್ನ ಮನಿ, ಹೊಳ್ಳಿ ಬರಬ್ಯಾಡ" ಎಂದು ಹೇಳಿ ನಮ್ಮಲ್ಲಿ ಎಷ್ಟು ಜನರನ್ನು ಕಳಿಸಿದರು! ಆ ಮಾತು ಬೆನ್ನಿಗೆ ಕಟ್ಟಿಕೊಂಡು ಹೋದವರ ಕಾಲು ಹೊಸ ಮನೆಯಲ್ಲಿ ಎಂದೂ ನಿಶ್ಚಿಂತೆಯಿಂದ ಊರಲಿಲ್ಲ. ನಿನ್ನ ಮಗಳಿಗೆ ಆ ಮಾತು ಬೇಡ. ಒಮ್ಮೆ, ಒಂದೇ ಒಂದು ಸಲ, ಅವಳ ಅಪ್ಪನೂ ಪಕ್ಕದಲ್ಲಿರುವಾಗ, ಸ್ಪಷ್ಟವಾಗಿ ಹೇಳು: "ಈ ಮನಿ ಬಾಗಿಲಾ ನಿನಗ ಯಾವಾಗಲೂ ತಗದೈತಿ. ಸಾಲದ ಚಿಂತಿ ನಮಗಿರಲಿ. ಬರೂದಿದ್ದರ ಸೋತೆನಂತ ಬರಬ್ಯಾಡ, ವಿಚಾರ ಮಾಡಿ ಬಾ. ಡಿಸೆಂಬರ್ ಮಟಾ ನೋಡು, ಆಮ್ಯಾಲೆ ನಿನ್ನ ತೀರ್ಮಾನ." ಬಳಿಕ ಆ ಮಾತನ್ನು ದಿನಾ ಎತ್ತಬೇಡ. ಹಿಂದೆ ಬಾಗಿಲು ತೆರೆದಿದೆ ಎಂದು ಗೊತ್ತಿರುವ ಹುಡುಗಿ ಮುಂದಿನ ಬಾಗಿಲನ್ನು ತಾನೇ ತಟ್ಟುತ್ತಾಳೆ.

ದೀಪಾವಳಿ ಬಂತು. ಊರಿನ ಹಬ್ಬವನ್ನು ಫೋನಿನಲ್ಲಿ ತೋರಿಸಿ ಅವಳನ್ನು ಇನ್ನಷ್ಟು ಅಳಿಸಬೇಡ. ಆ ಅಜ್ಜ ಅಜ್ಜಿಯ ಮೇಜಿನ ಮೇಲೆ ಎರಡು ದೀಪ ಹಚ್ಚಿ, ಯಾಕೆ ಹಚ್ಚುತ್ತಾರೆಂದು ತನಗೆ ಬಂದಷ್ಟು ಇಟಾಲಿಯನ್ನಿನಲ್ಲಿ ಹೇಳಲಿ. ತಪ್ಪು ಮಾತಾಡಿದರೆ ಅವರು ತಿದ್ದುತ್ತಾರೆ. ತಿದ್ದಲಿ. ಯಾರೂ ಅಲ್ಲದವರನ್ನು ಯಾರೂ ತಿದ್ದುವುದಿಲ್ಲ.

ಎರಡು ತಿಂಗಳ ಮೇಲೆ ಇನ್ನೊಂದು ಕಾಗದ ಬರೆ ತಂಗೀ. ಇಂಥ ಅನುಭವವಿದ್ದ ಉಳಿದ ಸೋದರಿಯರೂ ಬರೆಯಿರಿ. ಮಗಳನ್ನು ದೂರ ಕಳಿಸಿದ ತಾಯಿಗೆ ಇನ್ನೊಬ್ಬ ತಾಯಿಯ ಮಾತು ಕೊಡುವ ಧೈರ್ಯವನ್ನು ಬೇರೆ ಯಾವ ಸಲಹೆಯೂ ಕೊಡಲಾರದು.

ನಿಮ್ಮ
ಅಕ್ಕ